ಮೈಕಣ್ಣನ ಹಳೇ ಲ್ಯಾಪ್‌ಟಾಪು

ನನ್ನ ಅಣ್ಣನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಬಸ್ ನಿಲ್ದಾಣದಲ್ಲಿ ಡ್ರೈವರುಗಳಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವನು ಮೈಕಣ್ಣ. ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬಂತು, ಯಾವುದು ತಡ, ಯಾರ ಮಗು ತಪ್ಪಿಸಿಕೊಂಡಿದೆ ಎಂದು ಮೈಕಿನಲ್ಲಿ ಹೇಳುವುದು ಅವನ ಕೆಲಸ. ಎಲ್ಲವನ್ನೂ ಎರಡೆರಡು ಸಲ ಹೇಳಬೇಕು. ಆ ಚಾಳಿ ಮನೆಗೂ ಬಂತು. "ಉಪ್ಪು ಕಮ್ಮಿ, ಉಪ್ಪು ಕಮ್ಮಿ" ಎನ್ನುತ್ತಿದ್ದ. "ಒಂದ್ಸಲ ಹೇಳಿದ್ರೂ ಕೇಳಿಸುತ್ತೆ ಕಣೋ, ನಾವೇನು ಪ್ಯಾಸೆಂಜರುಗಳಾ?" ಎಂದು ಅಮ್ಮ ಗದರುತ್ತಿದ್ದಳು.

ನಾನು ಅವನ ತಂಗಿ. ಅದೇ ನಿಲ್ದಾಣದ ಹಿಂದಿನ ಶೆಡ್ಡಿನಲ್ಲಿ ಬಸ್ಸುಗಳ ಹರಿದ ಸೀಟು ಹೊಲಿಯುತ್ತೇನೆ. ಅಣ್ಣ ನನ್ನನ್ನು ಕರೆಯುತ್ತಿದ್ದುದು 'ಕತ್ತರಿ' ಎಂದು. ಕೆಲಸ ನೋಡಿ ಇಟ್ಟ ಹೆಸರಲ್ಲ, ಬಾಯಿ ನೋಡಿ ಇಟ್ಟದ್ದು. ಅತ್ತಿಗೆ ಮಗಳು ಚಿಕ್ಕವಳಿದ್ದಾಗಲೇ ತೀರಿಕೊಂಡಳು. ನನ್ನ ಮದುವೆಯೂ ಆದಷ್ಟೇ ಬೇಗ ಮುರಿದುಬಿತ್ತು, ನಾನೂ ಬಂದು ಅಣ್ಣನ ಮನೆ ಸೇರಿಕೊಂಡೆ. ಅಣ್ಣ, ಅವನ ಮಗಳು, ಅಮ್ಮ, ನಾನು. ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿ ತೆರೆದರೆ ಎದುರು ಮನೆಯ ಗೋಡೆ. ಸಕ್ಕರೆ ಕಾಯಿಲೆಯಿಂದ ಅಮ್ಮನ ಎರಡೂ ಕಣ್ಣು ಹೋಗಿದ್ದವು. ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುವುದು, ತಿರುಗಿ ಬಂದು ಮಂಚದ ಮೇಲೆ ಕೂರುವುದು, ಇಷ್ಟೇ ಅವಳ ಓಡಾಟ.

ಅಣ್ಣನ ಗಾಜಿನ ಕೋಣೆಯೊಳಗೆ ಮೈಕು, ಅದರ ಪಕ್ಕದಲ್ಲಿ ಎರಡು ಗುಂಡಿಗಳು. ಮೊದಲನೆಯದನ್ನು ಒತ್ತಿದರೆ ಟಿಂಗ್ ಟಾಂಗ್ ಎಂದು ದನಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಹೇಳುವುದು ಶುರು, ಕಿವಿಗೊಡಿ ಎಂದು ಅರ್ಥ. ಎರಡನೆಯದನ್ನು ಒತ್ತಿದರೆ ದನಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಮುಗಿಯಿತು, ಇನ್ನು ನಿಮ್ಮ ಪಾಡಿಗೆ ನೀವು ಎಂದು ಅರ್ಥ. ಇಳಿಯುವ ಸದ್ದು ನಿಲ್ಲುವಷ್ಟರಲ್ಲಿ ಅಣ್ಣನ ಕೈ ತಾನೇ ಹೋಗಿ ಮೈಕಿನ ಸ್ವಿಚ್ಚು ಆರಿಸಿರುತ್ತಿತ್ತು. ಅವನು ಆ ಕಡೆ ನೋಡುತ್ತಲೂ ಇರಲಿಲ್ಲ. ಕಣ್ಣು ಹೊರಗೆ ಬಸ್ಸುಗಳ ಮೇಲೆ, ಕೈ ತನ್ನ ಕೆಲಸದ ಮೇಲೆ. ದಿನವಿಡೀ ಊರಿಗೆಲ್ಲ ಹೇಳಿ ಹೇಳಿ ಮನೆಗೆ ಬಂದರೆ ಮೂಕಬಸವ. ಅಮ್ಮ ಕೇಳಿದ್ದಕ್ಕೆ ಹೂಂ, ಉಹೂಂ, ಬಿಡಮ್ಮ, ಅಷ್ಟೇ.

ಒಂದು ಚಳಿಗಾಲದಲ್ಲಿ ಅವನ ದನಿ ಒಡೆಯಿತು. ಶೀತ ಎಂದ. ಶೀತ ಹೋಗಲಿಲ್ಲ. ಮೈಕಿನ ಮುಂದೆ ಕೂತು ಕೆಮ್ಮುವುದನ್ನು ಇಡೀ ನಿಲ್ದಾಣ ಕೇಳುವಂತಾಯಿತು. ನಾನು ಬೈದು, ಅತ್ತು, ಕೊನೆಗೆ ಅಂಗಿ ಹಿಡಿದು ಎಳೆದುಕೊಂಡೇ ಆಸ್ಪತ್ರೆಗೆ ಹೋದೆ. ಡಾಕ್ಟರು ನೋಡಿದರು, ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ಗಂಟಲಿನಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಉಸಿರಾಡುವುದು ಕತ್ತಿನಲ್ಲಿ ಮಾಡುವ ತೂತಿನಿಂದ, ಮಾತಿಲ್ಲ. ಮೈಕಣ್ಣನಿಗೆ ಬರಬೇಕಾಗಿದ್ದ ಕಾಯಿಲೆಯೇ ಅದು? ಬೇರೆ ಯಾರ ಗಂಟಲೂ ಸಿಗಲಿಲ್ಲವೇ ಆ ಹಾಳು ಗಡ್ಡೆಗೆ?

ಆಸ್ಪತ್ರೆಯ ಮೆಟ್ಟಿಲ ಮೇಲೆ ಅಣ್ಣ ಹೇಳಿದ್ದು ಒಂದೇ ಮಾತು. "ಅಮ್ಮಂಗೆ ಗೊತ್ತಾಗ್ಬಾರ್ದು."

ನಮ್ಮ ಅಪ್ಪ ಹೋದದ್ದೂ ಗಂಟಲಿನಿಂದಲೇ. ಆಗ ಆಪರೇಷನ್ನು ಗೀಪರೇಷನ್ನು ಏನೂ ಇಲ್ಲ. ದನಿ ಹೋಗಿ, ಊಟ ಹೋಗಿ, ಕೊನೆಗೆ ನೀರಿನ ಹನಿಯೂ ಇಳಿಯದೆ ಅಮ್ಮನ ತೊಡೆಯ ಮೇಲೆ ಸತ್ತ. ಅಂದಿನಿಂದ ಮನೆಯಲ್ಲಿ ಯಾರು ಕೆಮ್ಮಿದರೂ ಅಮ್ಮ ಬಂದು ಗಂಟಲು ಮುಟ್ಟಿ ನೋಡುತ್ತಿದ್ದಳು. ಆದರೂ ನಾನು ಒಪ್ಪಲಿಲ್ಲ. "ಒಂದೇ ಮನೇಲಿದ್ಕೊಂಡು ಎಷ್ಟು ದಿನ ಅಂತ ಮುಚ್ಚಿಡ್ತೀಯೋ? ನಿಂಗೆ ತಲೆ ನೆಟ್ಟಗಿದೆಯಾ?" ಎಂದೆ. "ಅವಳಿರೋವರೆಗೂ" ಎಂದ. ಎಪ್ಪತ್ತು ದಾಟಿದ ಅಮ್ಮ ತನಗಿಂತ ಮುಂಚೆ ಹೋಗುತ್ತಾಳೆ ಎಂಬುದು ಅವನ ಲೆಕ್ಕ.

ಉಪಾಯ ಹೊಳೆದದ್ದು ಆಸ್ಪತ್ರೆಯಲ್ಲೇ. ಗಂಟಲು ಕಳೆದುಕೊಂಡವರಿಗೆ ಮಾತಿಗೆ ಬೇರೆ ದಾರಿ ತೋರಿಸುವ ಮೇಡಂ ಒಬ್ಬರಿದ್ದರು. ದನಿ ಇರುವಾಗಲೇ ಬೇಕಾದ ಮಾತುಗಳನ್ನೆಲ್ಲ ರೆಕಾರ್ಡು ಮಾಡಿಟ್ಟುಕೊಳ್ಳಿ, ಆಮೇಲೆ ಗುಂಡಿ ಒತ್ತಿ ಕೇಳಿಸಬಹುದು ಎಂದರು. ನಿಲ್ದಾಣದ ಆಫೀಸಿನವರು ಹಳೆಯದಾಯಿತೆಂದು ಮೂಲೆಗೆ ಹಾಕಿದ್ದ ಲ್ಯಾಪ್‌ಟಾಪು ಅಣ್ಣನ ಹತ್ತಿರವಿತ್ತು. ದಪ್ಪ, ಭಾರ, ಅಗಲ ಬಾಯಿಯ ಹಳೇ ಯುಎಸ್‌ಬಿ ಕಿಂಡಿಗಳು, ಪರದೆಯ ಬಲಗಡೆ ಅರ್ಧ ಕಪ್ಪು. ಅವನಿಗೆ ಪರದೆ ಯಾಕೆ ಬೇಕು? ಎಲ್ಲವನ್ನೂ ಕಿವಿಯಿಂದಲೇ ಮಾಡುವ ಗಿರಾಕಿ.

ಮಧ್ಯಾಹ್ನ ಬಸ್ಸುಗಳು ಕಡಿಮೆಯಿರುವ ಹೊತ್ತಿನಲ್ಲಿ ಗಾಜಿನ ಕೋಣೆಯ ಬಾಗಿಲು ಹಾಕಿಕೊಂಡು ಕೂತೆವು. ನಾನು ಅಮ್ಮನಾಗಬೇಕು, ಅಮ್ಮ ಏನೇನು ಕೇಳುತ್ತಾಳೋ ಕೇಳಬೇಕು, ಅವನು ಉತ್ತರ ಹೇಳಿ ತುಂಬಿಸಬೇಕು. "ಊಟ ಮಾಡಿದ್ಯೇನೋ?" ಎಂದರೆ "ಅಮ್ಮ ಹಾಗೆ ಕೇಳಲ್ಲ, ಇನ್ನೂ ಸ್ವಲ್ಪ ಗದರಿ ಕೇಳು" ಎಂದು ನನ್ನನ್ನೇ ತಿದ್ದಿದ. ಆಯ್ತಮ್ಮ, ಬೇಡಮ್ಮ, ಆಮೇಲೆ ಹೇಳ್ತೀನಿ, ಮಾತ್ರೆ ತಗೊಂಡ್ಯಾ, ಅಯ್ಯೋ ಸುಮ್ನಿರಮ್ಮ. ಒಂದು ನಗು, ಒಂದು ನಿಟ್ಟುಸಿರು, ಬೇಸರದ ಹೂಂ ಒಂದು, ಖುಷಿಯ ಹೂಂ ಒಂದು. ಒಂದೊಂದು ಮಾತಿಗೆ ಲ್ಯಾಪ್‌ಟಾಪಿನ ಒಂದೊಂದು ಕೀಲಿ. ದನಿ ಒಡೆದಲ್ಲಿ ನೀರು ಕುಡಿದು ಮತ್ತೆ ಹೇಳಿದ. ನಾನು ಅಮ್ಮನ ಹಾಗೆ ಬೈಯುತ್ತಾ ಬೈಯುತ್ತಾ ಅಳು ತಡೆಯಲಾರದೆ ಹೊರಗೆ ಹೋಗಿ ನಿಂತೆ. ಅವನು ಗಾಜು ತಟ್ಟಿ ಒಳಗೆ ಕರೆದ.

ಆಪರೇಷನ್ ಆಯಿತು. ಗಂಟಲಿಗೆ ಸಣ್ಣ ಚಿಕಿತ್ಸೆ, ಜೋರಾಗಿ ಮಾತಾಡಬಾರದಂತೆ, ಅದಕ್ಕೇ ಮನೆಯಲ್ಲೂ ಮೈಕು ಇಟ್ಟುಕೊಂಡಿದ್ದಾನೆ ಎಂದು ಅಮ್ಮನಿಗೆ ಹೇಳಿದೆವು. ಅಮ್ಮ ನಂಬಿದಳು. ಮಗನ ದನಿ ಸ್ಪೀಕರಿನಿಂದ ಬರುವುದು ಅವಳಿಗೇನು ಹೊಸದೇ? ಅಮ್ಮನ ಮಂಚ ಈ ಗೋಡೆಗೆ, ಅಣ್ಣನ ಮೇಜು ಆ ಗೋಡೆಗೆ. ಮುಟ್ಟಲು ಬಂದರೆ ಅವನು ಕೈ ಕೊಡುತ್ತಿದ್ದ, ಕತ್ತು ಕೊಡುತ್ತಿರಲಿಲ್ಲ. ತೂತಿನ ಮೇಲೆ ಸದಾ ಒಂದು ಬಟ್ಟೆ. ಉಸಿರಿನ ಸದ್ದು ಕೇಳಿ "ಏನೋ ಅದು ಗೊರಗೊರ?" ಎಂದರೆ ಕೀಲಿ ಒತ್ತುತ್ತಿದ್ದ. "ಕಫ ಅಮ್ಮ, ಕಫ."

ದಿನಾ ಬೆಳಿಗ್ಗೆ ಕಾಫಿ ಲೋಟ ಕೈಗೆ ಬಂದ ಕೂಡಲೇ ಅಮ್ಮ ಕೇಳುತ್ತಿದ್ದ ಮೊದಲ ಮಾತು, "ನೋವಿದೆಯೇನೋ?" ಅಣ್ಣ ಒತ್ತುತ್ತಿದ್ದ. "ಇಲ್ಲಮ್ಮ, ಎಲ್ಲಿಯ ನೋವು?" ಸ್ಪೀಕರಿನಿಂದ ಬರುವುದು ನಿಲ್ದಾಣದ ಅದೇ ದುಂಡು ದನಿ. ಅಮ್ಮ ಸಮಾಧಾನದಿಂದ ಕಾಫಿ ಕುಡಿಯುತ್ತಿದ್ದಳು.

ನಗೆಪಾಟಲಾದದ್ದೂ ಉಂಟು. ಪಕ್ಕದ ಮನೆಯ ಮುದುಕಿ ಸತ್ತ ದಿನ ಅಮ್ಮ ಕಣ್ಣೊರೆಸಿಕೊಳ್ಳುತ್ತಾ ಸುದ್ದಿ ಹೇಳಿದರೆ, ಇವನ ಬೆರಳು ನಿಟ್ಟುಸಿರಿನ ಕೀಲಿ ತಪ್ಪಿ ನಗುವಿನ ಮೇಲೆ ಬಿತ್ತು. ಹಹ್ಹಹ್ಹಾ ಎಂದು ಮನೆ ತುಂಬ ನಗು. "ಮಾನ ಮರ್ಯಾದೆ ಇದೆಯೇನೋ ನಿಂಗೆ? ಸತ್ತೋರ ಮನೆಗೆ ಕೇಳಿಸಿದ್ರೆ ಏನಂತಾರೆ!" ಎಂದು ಅಮ್ಮ ಉರಿದುಬಿದ್ದಳು. ಎರಡು ದಿನ ಅವನ ಹತ್ತಿರ ಮಾತು ಬಿಟ್ಟಳು. ನಾನೂ ಅಣ್ಣನ ಮಗಳೂ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು. ಅಣ್ಣ ಬಾಗಿಲಲ್ಲಿ ನಿಂತು ಸದ್ದಿಲ್ಲದೆ ನಕ್ಕ. ಆ ಮನೆಯಲ್ಲಿ ನಾವು ಮೂವರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಕಾಯಿಲೆ ಮತ್ತೆ ಬಂತು, ಈ ಸಲ ಎದೆಗೂ ಬೆನ್ನಮೂಳೆಗೂ. ಇನ್ನು ಮಾಡುವುದೇನಿಲ್ಲ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಎಂದರು ಡಾಕ್ಟರು. ಅಮ್ಮ ಮೊದಲು ಹೋಗುತ್ತಾಳೆ ಎಂಬ ಲೆಕ್ಕ ತಲೆಕೆಳಗಾಯಿತು. ಅಣ್ಣ ಸ್ಲೇಟಿನ ಮೇಲೆ ಬರೆದು ತೋರಿಸಿದ: 'ಕೊನೇವರೆಗೂ ಅಮ್ಮನ ಹತ್ರ ಮಾತಾಡ್ತೀನಿ. ಆಮೇಲೆ ನೀನು ಏನು ಬೇಕಾದ್ರೂ ಹೇಳ್ಕೋ.' ನಮಗೆಲ್ಲ ಅವನು ಸ್ಲೇಟಿನಲ್ಲಿ ಬರೆಯಬಹುದು. ಕಣ್ಣಿಲ್ಲದ ಅಮ್ಮನಿಗೆ ಆ ದನಿ ಬಿಟ್ಟರೆ ಮಗನೇ ಇಲ್ಲ.

ಅಷ್ಟರಲ್ಲಿ ಲ್ಯಾಪ್‌ಟಾಪು ಒಳಗಿನಿಂದ ಟಕ್ ಟಕ್ ಎನ್ನತೊಡಗಿತು. ಅಣ್ಣನ ಮಗಳು ಅದನ್ನು ಎತ್ತಿಕೊಂಡು ರಿಪೇರಿ ಅಂಗಡಿಗೆ ಹೋದಳು, ಜೊತೆಗೆ ನಾನು. ಅಂಗಡಿಯವನು ಕಿವಿಗೊಟ್ಟು ಕೇಳಿ ತಲೆಯಾಡಿಸಿದ. "ಡಿಸ್ಕು ಸಾಯ್ತಾ ಇದೆ. ಒಳಗಿರೋದನ್ನೆಲ್ಲ ಒಂದೇ ಪಟ್ಟಿಗೆ ಹೊರಗೆ ತಗೊಂಡ್ಬಿಡಿ. ಮುಗಿಯೋವರೆಗೂ ಆಫ್ ಮಾಡ್ಬೇಡಿ. ಆಫ್ ಮಾಡಿದ್ರೆ ಮತ್ತೆ ಏಳೋದು ಡೌಟು."

"ಇಲ್ಲೇ ತೆಗೆದುಕೊಡಪ್ಪ" ಎಂದೆ. ಎದುರಿಗೆ ಗುಡ್ಡೆ ಬಿದ್ದ ಲ್ಯಾಪ್‌ಟಾಪುಗಳನ್ನು ತೋರಿಸಿ, ವಾರ ಬಿಟ್ಟು ಬನ್ನಿ ಎಂದ. ವಾರವಿಡೀ ಅಣ್ಣ ಅಮ್ಮನ ಜೊತೆ ಹೇಗೆ ಮಾತಾಡಬೇಕು? ವಾಪಸು ತಂದೆವು.

ಹುಡುಗಿ ಔಷಧಿ ಅಂಗಡಿಯಲ್ಲಿ ದುಡಿಯುತ್ತಾಳೆ. ಅಪ್ಪನಿಗೆ ಒಳ್ಳೆಯದೇ ಇರಲೆಂದು ಹೊಸದೊಂದು ಡಿಸ್ಕು ಕೊಂಡು ತಂದಳು. ಅಂಗೈಯಷ್ಟಗಲ, ನೋಡಲು ಚೆಂದ. ಆದರೆ ಅದರ ವಯರಿನ ತುದಿ ಈಗಿನ ಸಣ್ಣ ಉರುಟು ಮೂತಿ, ಟೈಪ್-ಸಿ. ಇವಳ ಹೊಸ ಲ್ಯಾಪ್‌ಟಾಪಿಗೆ ಸರಾಗವಾಗಿ ಹೋಯಿತು, ಅಪ್ಪನ ಹಳೆಯದಕ್ಕೆ ಎಲ್ಲಿಂದ ಹೋಗಬೇಕು? "ಅತ್ತೆ, ಒಂದು ಅಡಾಪ್ಟರ್ ತಗೊಂಡ್ಬಾ" ಎಂದು ನನಗೆ ಹೇಳಿ ಕೆಲಸಕ್ಕೆ ಓಡಿದಳು.

ಅಡಾಪ್ಟರ್ ಎಂದು ಕೇಳಿದೆ, ಅಡಾಪ್ಟರ್ ಎಂದು ಕೊಟ್ಟರು. ತಂದು ನೋಡಿದರೆ ಉಲ್ಟಾ. ಸಣ್ಣ ಮೂತಿ ಮುಂದಕ್ಕೆ, ಅಗಲ ಬಾಯಿ ಹಿಂದಕ್ಕೆ. ನಮಗೆ ಬೇಕಾಗಿದ್ದುದು ಅಗಲ ಮೂತಿ ಮುಂದಕ್ಕೆ, ಸಣ್ಣ ಬಾಯಿ ಹಿಂದಕ್ಕೆ. ಮರುದಿನ ಊಟದ ಬಿಡುವಿನಲ್ಲಿ ಮತ್ತೆ ಹೋದೆ. ಕೌಂಟರಿನ ಹುಡುಗಿ "ಹೇಳ್ಬೇಕಿತ್ತು ಮೇಡಂ" ಎಂದಳು. "ಹೇಳೋಕೆ ಗೊತ್ತಿದ್ರೆ ನಿನ್ನ ಜಾಗದಲ್ಲಿ ನಾನೇ ಕೂರ್ತಿದ್ದೆ ಕಣಮ್ಮ" ಎಂದು ಬದಲಾಯಿಸಿಕೊಂಡು ಬಂದೆ. ಬೆರಳಿನ ಒಂದು ಗೆಣ್ಣಿನಷ್ಟು ಇದ್ದ ವಸ್ತು ಅದು.

ಅಣ್ಣನ ಕೈಗೆ ಕೊಟ್ಟೆ. ಅವನು ಅದನ್ನು ತಿರುಗಿಸಿ ನೋಡಿ, ನೀನು ಹೋಗು ಎಂದು ಕೈಬೀಸಿದ. "ಸಂಜೆ ಮಗಳು ಬರ್ಲಿ, ಅವಳು ಮಾಡ್ತಾಳೆ" ಎಂದೆ. ಸ್ಲೇಟು ಎತ್ತಿ ಬರೆದ: 'ನನ್ನ ದನಿ, ನಾನೇ ಮಾಡ್ತೀನಿ.' ನೋವಿನ ಮಾತ್ರೆಯ ಮಂಪರಿನಲ್ಲೂ ಹಟಕ್ಕೇನೂ ಕಡಿಮೆಯಿಲ್ಲ. ಅಮ್ಮ ಮಂಚದ ಮೇಲೆ ತೂಕಡಿಸುತ್ತಿದ್ದಳು. ಶೆಡ್ಡಿನಲ್ಲಿ ಬಸ್ಸೊಂದರ ಸೀಟುಗಳೆಲ್ಲ ಬಿಚ್ಚಿ ಬಿದ್ದಿದ್ದವು, ನಾನು ಹೊರಟೆ.

ಆಮೇಲೆ ಏನಾಯಿತೆಂದು ಅವನೇ ಬರೆದು ತಿಳಿಸಿದ. ಅಡಾಪ್ಟರ್ ಸಿಕ್ಕಿಸಿ ಡಿಸ್ಕು ಜೋಡಿಸಿದ. ಲ್ಯಾಪ್‌ಟಾಪು ಟಿಂಗ್ ಟಾಂಗ್ ಎಂದು ದನಿ ಏರಿಸಿತು. ಫೋಲ್ಡರು ಹಿಡಿದು ಕಾಪಿ ಕೊಟ್ಟ. ಎಡಗಡೆಯ ಪರದೆಯಲ್ಲಿ ಏನೋ ಓಡುವುದು ಕಾಣುತ್ತಿತ್ತು. ಬಲಗಡೆ ಕಪ್ಪು. ಕಣ್ಣು ಮುಚ್ಚಿ ಒರಗಿದ. ಸ್ವಲ್ಪ ಹೊತ್ತಿನಲ್ಲಿ ದನಿ ಇಳಿಯಿತು. ಮೇಲಿನಿಂದ ಕೆಳಕ್ಕೆ, ನಿಲ್ದಾಣದಲ್ಲಿ ಇಳಿಯುವ ಹಾಗೆಯೇ. ಮುಗಿಯಿತು. ಅವನ ಕೈ ತಾನೇ ಎದ್ದಿತು. ವಯರು ಎಳೆಯಿತು, ಸ್ವಿಚ್ಚು ಒತ್ತಿ ಲ್ಯಾಪ್‌ಟಾಪು ಆರಿಸಿತು. ಕಣ್ಣು ಬಿಟ್ಟದ್ದು ಆಮೇಲೆ.

ಅದು ಮುಗಿದ ಸದ್ದಲ್ಲ. ಹೊಸ ಡಿಸ್ಕು ನಡುವೆಯೇ ಕೈಬಿಟ್ಟ ಸದ್ದು. ಏನೋ ಕೆಟ್ಟಿದೆ ಎಂದು ಪರದೆ ಬರೆದು ತೋರಿಸಿದ್ದೂ ಇರಬೇಕು, ಆ ಕಪ್ಪು ಭಾಗದಲ್ಲಿ. ಬೇರೆ ಯಾರೇ ಆಗಿದ್ದರೂ ಒಂದು ಸಲ ಬಗ್ಗಿ ನೋಡುತ್ತಿದ್ದರು. ಮೂವತ್ತು ವರ್ಷ ಆ ಸದ್ದಿಗೆ ಕೈಯನ್ನು ಒಪ್ಪಿಸಿಟ್ಟವನು ಅವನೊಬ್ಬನೇ.

ಸಂಜೆ ಮಗಳು ಬಂದು ಡಿಸ್ಕನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿದಳು. ಮೊದಲನೆಯ ಫೈಲು ತೆರೆಯಿತು. "ಹಲೋ, ಮೈಕ್ ಟೆಸ್ಟಿಂಗ್. ಒಂದು, ಎರಡು, ಮೂರು." ಎರಡನೆಯದು ಖಾಲಿ, ಮೂರನೆಯದು ಇಲ್ಲವೇ ಇಲ್ಲ. ಹಳೆಯದನ್ನು ಆನ್ ಮಾಡಿದರೆ ಟಕ್ ಟಕ್ ಎಂದು ನಿಂತಿತು. ಹುಡುಗಿ ಅದನ್ನು ಎದೆಗೊತ್ತಿಕೊಂಡು ರಿಪೇರಿ ಅಂಗಡಿಗೆ ಓಡಿದಳು, ಹಿಂದೆಯೇ ನಾನು. ಅಂಗಡಿಯವನು ಏನೇನೋ ಮಾಡಿ ಕೈಚೆಲ್ಲಿದ. "ಅಡಾಪ್ಟರ್ ಹಾಕಿದ್ರೆ ಮೂತಿ ಸೇರುತ್ತೆ ಅಷ್ಟೇ. ಈ ಡಿಸ್ಕಿಗೆ ಬೇಕಾದಷ್ಟು ಕರೆಂಟು ಹಳೇ ಕಿಂಡಿಯಿಂದ ಬರಲ್ಲ. ಅದಕ್ಕೇ ಮಧ್ಯದಲ್ಲಿ ಬಿಟ್ಕೊಂಡಿದೆ. ಒಂದು ಹಳೇ ಪೆನ್‌ಡ್ರೈವ್ ಇದ್ದಿದ್ರೂ ಸಾಕಾಗ್ತಿತ್ತು."

"ಅದನ್ನ ಅವತ್ತೇ ಬಾಯಿಬಿಟ್ಟು ಹೇಳೋಕೆ ನಿನಗೇನಾಗಿತ್ತು?" ಎಂದು ರಸ್ತೆಗೆಲ್ಲ ಕೇಳಿಸುವ ಹಾಗೆ ಕಿರುಚಿದೆ. ಅವನು ತಲೆ ತಗ್ಗಿಸಿದ. ಹುಡುಗಿ ನನ್ನ ಕೈ ಹಿಡಿದು ಎಳೆದುಕೊಂಡು ಬಂದಳು. ದಾರಿಯುದ್ದಕ್ಕೂ "ಹೊಸದು ತರಬಾರ್ದಿತ್ತು ಅತ್ತೆ, ತರಬಾರ್ದಿತ್ತು" ಎಂದು ಬಿಕ್ಕಿದಳು. ಒಳ್ಳೆಯದನ್ನೇ ತಂದಿದ್ದಳು ಪಾಪ.

ಅಣ್ಣನಿಗೆ ಹೇಳಿದಾಗ ಅವನು ತನ್ನ ಬಲಗೈಯನ್ನೇ ನೋಡುತ್ತಾ ಕೂತ. ಮರುದಿನದಿಂದ ಮೇಲೇಳಲಿಲ್ಲ.

ಅಮ್ಮನಿಗೆ ಮೈಕು ಕೆಟ್ಟಿದೆ ಎಂದೆ. "ಕೆಟ್ಟರೆ ಕೆಡ್ಲಿ, ಬಾಯಿಲ್ವಾ ಅವನಿಗೆ? ಮೆಲ್ಲಗೆ ಹೇಳು ಅನ್ನು, ನಂಗೆ ಕಿವಿ ಚೆನ್ನಾಗಿದೆ" ಎಂದಳು. ಡಾಕ್ಟರು ಮಾತೇ ಆಡಬಾರದು ಅಂದಿದ್ದಾರೆ ಎಂದೆ. ಮಲಗಿದ್ದಾನೆ ಎಂದೆ. ಈಗಷ್ಟೇ ನಿದ್ದೆ ಬಂತು ಎಂದೆ. ಕಾಫಿ ಲೋಟ ಹಿಡಿದುಕೊಂಡು ಅಮ್ಮ ಆ ಕಡೆಗೆ ಮುಖ ತಿರುಗಿಸಿ "ನೋವಿದೆಯೇನೋ?" ಎಂದು ಕೇಳುವುದು, ಉತ್ತರವಿಲ್ಲದೆ ಕಾಫಿ ಆರುವುದು. ಅಣ್ಣ ತುಟಿ ಅಲ್ಲಾಡಿಸುತ್ತಿದ್ದ. ಸದ್ದಿಲ್ಲದ ತುಟಿ ಕುರುಡಿಗೆ ಹೇಗೆ ಕಂಡೀತು? ಅದನ್ನು ನೋಡಲಾಗದೆ ನಾನು ಬೆಳಿಗ್ಗೆ ಬೇಗ ಶೆಡ್ಡಿಗೆ ಹೋಗಿಬಿಡುತ್ತಿದ್ದೆ.

ಒಂದು ದಿನ ಅಮ್ಮ ತಡೆಯಲಾರದೆ ಅತ್ತಳು. "ಅವನು ಇದ್ದಾನೋ ಇಲ್ವೋ ಹೇಳ್ರೇ" ಎಂದಳು. ಹುಡುಗಿ ಗಾಬರಿಯಲ್ಲಿ ಉಳಿದಿದ್ದ ಆ ಒಂದು ಫೈಲು ಹಾಕಿಬಿಟ್ಟಳು. "ಹಲೋ, ಮೈಕ್ ಟೆಸ್ಟಿಂಗ್. ಒಂದು, ಎರಡು, ಮೂರು." ಅಮ್ಮನ ಮುಖ ಅರಳಿತು. "ಬಂತಾ ಮೈಕು? ನೋವಿದೆಯೇನೋ?" ಎಂದಳು. ಹುಡುಗಿ ಏನು ಮಾಡಲೂ ತೋಚದೆ ಮತ್ತೆ ಅದನ್ನೇ ಒತ್ತಿದಳು. ಒಂದು, ಎರಡು, ಮೂರು. "ಏನೋ ಎಣಿಸ್ತಾ ಇದ್ದೀಯ? ಕೇಳಿದ್ದಕ್ಕೆ ಹೇಳೋ." ಒಂದು, ಎರಡು, ಮೂರು. ನಾನು ಹೋಗಿ ಲ್ಯಾಪ್‌ಟಾಪಿನ ಮುಚ್ಚಳ ಹಾಕಿದೆ.

ಅಮ್ಮ ಮಂಚದಿಂದ ಇಳಿದಳು. ಗೋಡೆ ಹಿಡಿಯಲಿಲ್ಲ. ಎರಡೂ ಕೈ ಮುಂದಕ್ಕೆ ಚಾಚಿಕೊಂಡು ನೇರ ಕೋಣೆಯ ನಡುವಿನಿಂದ ನಡೆದಳು. ಕುರ್ಚಿ ಬಿತ್ತು. ನಾನು ತಡೆಯಲು ಹೋದರೆ ಮೊಣಕೈಯಿಂದ ದೂಡಿದಳು. ಅಣ್ಣನ ಹಾಸಿಗೆ ಸಿಕ್ಕಿತು, ಕಾಲು ಸಿಕ್ಕಿತು. ಮೂಳೆಯಾಗಿದ್ದ ಕಾಲನ್ನು ಸವರಿ "ಅಯ್ಯೋ ನನ್ನ ಮಗನೇ" ಎಂದಳು. ಎದೆ, ಭುಜ, ಗಲ್ಲ. ಅಣ್ಣ ಅವಳ ಕೈ ತಡೆಯಲು ನೋಡಿದ, ಶಕ್ತಿ ಸಾಲಲಿಲ್ಲ. ಬಟ್ಟೆ ಸರಿಯಿತು. ಅಮ್ಮನ ಬೆರಳು ಆ ತೂತಿನ ಅಂಚಿನಲ್ಲಿ ನಿಂತಿತು. ಅವನ ಉಸಿರು ಅವಳ ಅಂಗೈಗೆ ಬಡಿಯುತ್ತಿತ್ತು.

"ಏನೇ ಇದು?"

"ಗಂಟಲು ತೆಗೆದಿದ್ದಾರೆ ಅಮ್ಮ. ಅಪ್ಪಂಗೆ ಬಂದಿದ್ದೇ."

"ಯಾವಾಗ?"

"ಆಗ್ಲೇ. ಆಪರೇಷನ್ ಆದಾಗ್ಲೇ."

"ಮತ್ತೆ ಇಷ್ಟು ದಿನ ನನ್ನ ಹತ್ರ ಮಾತಾಡ್ತಿದ್ದಿದ್ದು ಯಾರೇ?"

"ಅವನೇ ಅಮ್ಮ. ಗಂಟಲು ಹೋಗೋ ಮುಂಚೆ ಎಲ್ಲಾನೂ ಹೇಳಿ ತುಂಬಿಸಿಟ್ಟಿದ್ದ. ನೀನು ಕೇಳಿದಾಗ ಒತ್ತುತ್ತಿದ್ದ."

ಅಮ್ಮ ತೂತಿನ ಅಂಚನ್ನು ಬೆರಳಿನಿಂದ ಸುತ್ತ ಸವರಿದಳು. ಕೈ ತೆಗೆಯಲಿಲ್ಲ.

"ದಿನಾ ನೋವಿದೆಯಾ ಅಂತ ಕೇಳ್ತಿದ್ದೆ. ಇಲ್ಲ ಅಂತಿದ್ದ" ಎಂದಳು. "ನೋವು ಬರೋಕೆ ಮುಂಚೆನೇ ಇಲ್ಲ ಅಂತ ಹೇಳಿಟ್ಟುಬಿಟ್ಟಿದ್ನಾ?"

ಹುಡುಗಿ ಅಡುಗೆಮನೆಗೆ ಓಡಿಹೋದಳು.

ಅಮ್ಮ ಹಾಸಿಗೆಯ ಮೇಲೆ ಕೂತು ಅಣ್ಣನ ತಲೆಯನ್ನು ತನ್ನ ತೊಡೆಗೆ ಎಳೆದುಕೊಂಡಳು. ಅವನ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಈಗ ಹೇಳೋ, ನೋವಿದೆಯಾ?" ಎಂದಳು.

ಅಣ್ಣ ನನ್ನ ಕಡೆ ನೋಡಿದ. ಆಮೇಲೆ ಅವಳ ಕೈಗಳ ನಡುವೆ ಹೌದು ಎಂದು ತಲೆಯಾಡಿಸಿದ.

"ಎಲ್ಲಿ?"

ಅವಳ ಕೈಯನ್ನು ಎತ್ತಿ ಎದೆಯ ಮೇಲಿಟ್ಟುಕೊಂಡ. ಅಮ್ಮ ನೀವಿದಳು. "ಇನ್ನೆಲ್ಲಿ?" ಕೈಯನ್ನು ಬೆನ್ನಿಗೆ ಒಯ್ದ. ಅಲ್ಲಿ ನೀವಿದಳು. ಆಮೇಲೆ ಸೊಂಟ, ಆಮೇಲೆ ಕಾಲಿನ ಮೂಳೆ. ಒಂದೊಂದು ಕಡೆಯೂ "ಇಲ್ಲೂನಾ? ಇಲ್ಲೂನಾ?" ಎಂದು ಕೇಳುತ್ತಾ, ಅಳುತ್ತಾ, ಅವನು ತೋರಿಸಿದಲ್ಲೆಲ್ಲ ನೀವುತ್ತಾ ಹೋದಳು. ಅವನು ತೋರಿಸುವುದನ್ನು ನಿಲ್ಲಿಸಲೇ ಇಲ್ಲ.